ಮಕ್ಕಳ ಪೀಠದಲ್ಲಿ ಕೂತವರ ಗೌರವಧನ

ಮನೆ ಬಿಟ್ಟು ಬಂದ ಮಗು ರೈಲು ನಿಲ್ದಾಣದಲ್ಲಿ ಸಿಕ್ಕರೆ 24 ಗಂಟೆಯೊಳಗೆ ಅದನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಗುವನ್ನು ಹೆತ್ತವರಿಗೆ ಒಪ್ಪಿಸಬೇಕೋ, ಬಾಲಮಂದಿರಕ್ಕೆ ಕಳಿಸಬೇಕೋ, ದತ್ತು ಕೊಡಬಹುದೆಂದು ಘೋಷಿಸಬೇಕೋ ಎಂದು ತೀರ್ಮಾನಿಸುವವರು ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಅವರಿಗೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ, ಸಂಬಳವಿಲ್ಲ. ಸಭೆ ನಡೆಸಿದ ದಿನಕ್ಕೆ ಇಷ್ಟು ಎಂದು ಸರ್ಕಾರ ಕೊಡುವ ಗೌರವಧನವೇ ಅವರಿಗೆ ಸಲ್ಲುವ ಹಣ. ಈ ಪದ್ಧತಿಯ ಬೇರು ನೂರು ವರ್ಷ ಹಿಂದಕ್ಕೆ ಹೋಗುತ್ತದೆ.

ಮಕ್ಕಳನ್ನು ವಯಸ್ಕರ ಕೋರ್ಟು, ಜೈಲುಗಳಿಂದ ದೂರವಿಡಬೇಕು ಎಂದು 1919–20ರ ಭಾರತೀಯ ಜೈಲು ಸಮಿತಿ ಶಿಫಾರಸು ಮಾಡಿತು. ಮದ್ರಾಸ್ 1920ರಲ್ಲಿ, ಬಂಗಾಳ 1922ರಲ್ಲಿ, ಬಾಂಬೆ 1924ರಲ್ಲಿ ಮಕ್ಕಳ ಕಾಯ್ದೆ ತಂದವು. ಆಗ ದಕ್ಷಿಣ ಕನ್ನಡ, ಬಳ್ಳಾರಿ ಮದ್ರಾಸಿಗೂ ಬೆಳಗಾವಿ, ಧಾರವಾಡ ಬಾಂಬೆಗೂ ಸೇರಿದ್ದವು. ಬಾಂಬೆಯ ಬಾಲ ನ್ಯಾಯಾಲಯದಲ್ಲಿ ಮಹಿಳೆಯರು ಗೌರವ ಮ್ಯಾಜಿಸ್ಟ್ರೇಟರಾಗಿ ಕೂತು ವಿಚಾರಣೆ ನಡೆಸಿದರು. ಕೈತುಂಬ ಆಸ್ತಿಯಿದ್ದ ಮನೆಯವರು ಬಿಡುವಿನ ವೇಳೆಯನ್ನು ಸಮಾಜಕ್ಕೆ ಕೊಡುತ್ತಾರೆ ಎಂಬ ನಂಬಿಕೆಯ ಮೇಲೆ ನಿಂತ ಏರ್ಪಾಡು ಅದು. ಆ ಹೆಣ್ಣುಮಕ್ಕಳು ಮಾಡಿದ ಕೆಲಸ ದೊಡ್ಡದು. ಆದರೆ ಮಕ್ಕಳ ಕೆಲಸ ಪುಕ್ಕಟೆ ಸೇವೆ ಎಂಬ ಭಾವನೆಯೂ ಅಲ್ಲಿಂದಲೇ ಗಟ್ಟಿಯಾಯಿತು.

ಏಕೀಕರಣದ ನಂತರ ಮೈಸೂರು ರಾಜ್ಯ 1964ರಲ್ಲಿ ತನ್ನದೇ ಮಕ್ಕಳ ಕಾಯ್ದೆ ಮಾಡಿಕೊಂಡಿತು. ಅದಕ್ಕೂ ಮೊದಲು, ಕೇಂದ್ರಾಡಳಿತ ಪ್ರದೇಶಗಳಿಗೆಂದು ಬಂದ 1960ರ ಕೇಂದ್ರ ಕಾಯ್ದೆ, ದಿಕ್ಕಿಲ್ಲದ ಮಕ್ಕಳಿಗೆ ಕಲ್ಯಾಣ ಮಂಡಳಿಯನ್ನೂ ಅಪರಾಧದ ಆರೋಪ ಹೊತ್ತವರಿಗೆ ಮಕ್ಕಳ ನ್ಯಾಯಾಲಯವನ್ನೂ ಬೇರೆ ಬೇರೆ ಮಾಡಿತ್ತು. ಜಮ್ಮು-ಕಾಶ್ಮೀರ ಬಿಟ್ಟು ಇಡೀ ದೇಶಕ್ಕೆ ಒಂದೇ ಕಾನೂನು ಬಂದದ್ದು 1986ರಲ್ಲಿ. ಜೈಲುಗಳಲ್ಲಿದ್ದ ಮಕ್ಕಳ ಪರವಾಗಿ ಪತ್ರಕರ್ತೆ ಶೀಲಾ ಬರ್ಸೆ ಸುಪ್ರೀಂ ಕೋರ್ಟಿನಲ್ಲಿ ಹೋರಾಡಿದ್ದು ಅದೇ ವರ್ಷ.

1986ರ ಬಾಲ ನ್ಯಾಯ ಕಾಯ್ದೆ ಪ್ರತಿ ಬಾಲ ನ್ಯಾಯಾಲಯಕ್ಕೂ ಇಬ್ಬರು ಗೌರವ ಸಮಾಜಸೇವಕರನ್ನು ಕೊಟ್ಟಿತು. ಒಬ್ಬರಾದರೂ ಮಹಿಳೆ ಇರಬೇಕು. ಅವರದು ಮ್ಯಾಜಿಸ್ಟ್ರೇಟರಿಗೆ ನೆರವಾಗುವ ಕೆಲಸ, ಅಷ್ಟೇ. ಬಾಲಗೃಹಗಳ ಬಗ್ಗೆ ಸರ್ಕಾರಕ್ಕೆ ಸಲಹೆ ನೀಡಲು ಸಲಹಾ ಮಂಡಳಿಗಳಿಗೂ ಅವಕಾಶವಿತ್ತು.

2000ದ ಕಾಯ್ದೆ ಈ ಸ್ಥಾನಮಾನವನ್ನೇ ಬದಲಿಸಿತು. ಬಾಲ ನ್ಯಾಯಾಲಯದ ಜಾಗಕ್ಕೆ ಬಂದ ಬಾಲ ನ್ಯಾಯ ಮಂಡಳಿಯಲ್ಲಿ ಇಬ್ಬರು ಸಮಾಜಸೇವಕರು ಪೂರ್ಣ ಸದಸ್ಯರಾದರು. ಬಹುಮತದ ತೀರ್ಮಾನವೇ ಮಂಡಳಿಯ ತೀರ್ಮಾನವಾಯಿತು. ಮಕ್ಕಳ ಕಲ್ಯಾಣ ಸಮಿತಿಗೆ ಪೀಠದ ಅಧಿಕಾರ ಬಂತು. ಹೊಣೆ ಹೀಗೆ ಒಮ್ಮೆಗೇ ಏರಿತು, ಹಣ ಮಾತ್ರ ನಿಧಾನವಾಗಿ ಹಿಂದೆ ಬಂತು. 2007ರ ಮಾದರಿ ನಿಯಮಗಳು ಒಂದು ಸಭೆಗೆ ಕನಿಷ್ಠ 500 ರೂಪಾಯಿ ಎಂದವು. ವಾರಕ್ಕೆ ಮೂರು ಸಭೆಯಂತೆ ಲೆಕ್ಕ ಹಾಕಿದರೆ ತಿಂಗಳಿಗೆ ಸುಮಾರು 6,000 ರೂಪಾಯಿ. 2009ರಲ್ಲಿ ಶುರುವಾದ ಸಮಗ್ರ ಮಕ್ಕಳ ರಕ್ಷಣಾ ಯೋಜನೆಯಿಂದ ಈ ಖರ್ಚಿಗೆ ಕೇಂದ್ರದ ಅನುದಾನವೂ ಸಿಕ್ಕಿತು.

2015ರ ಕಾಯ್ದೆಯು, ಸಮಿತಿ ತಿಂಗಳಿಗೆ ಕನಿಷ್ಠ 20 ದಿನ ಸಭೆ ಸೇರಬೇಕು ಎಂದಿತು. ಮಕ್ಕಳ ಕ್ಷೇತ್ರದಲ್ಲಿ ಏಳು ವರ್ಷ ದುಡಿದ ಅನುಭವ ಕೇಳಿತು. 2016ರ ಮಾದರಿ ನಿಯಮಗಳು ಸಭೆಯೊಂದಕ್ಕೆ ಕನಿಷ್ಠ 1,500 ರೂಪಾಯಿ ನಿಗದಿ ಮಾಡಿದವು. 20 ದಿನಕ್ಕೆ 30,000 ರೂಪಾಯಿ. ಸಮಗ್ರ ಮಕ್ಕಳ ರಕ್ಷಣಾ ಯೋಜನೆಯ ಮುಂದುವರಿಕೆಯಾದ ಮಿಷನ್ ವಾತ್ಸಲ್ಯದ ಕಾಲಕ್ಕೆ ಮೊತ್ತ ಮತ್ತಷ್ಟು ಏರಿದರೂ ದಿನದ ಲೆಕ್ಕ ಹೋಗಲಿಲ್ಲ.

ಈ ಲೆಕ್ಕಕ್ಕೆ ಸಿಗದ ಕೆಲಸವೇ ಬಹಳ. ಬಾಲಗೃಹಕ್ಕೆ ಸಮಿತಿ ಭೇಟಿ ಕೊಟ್ಟರೆ ಅದನ್ನು ಸಭೆಯೆಂದೇ ಪರಿಗಣಿಸಬೇಕು ಎಂದು ಕಾಯ್ದೆಯ 28ನೇ ಕಲಮು ಹೇಳುತ್ತದೆ, ಅದು ನ್ಯಾಯ. ಆದರೆ ಸಮಿತಿ ಸೇರದ ಹೊತ್ತಿನಲ್ಲಿ ಮಗುವನ್ನು ಒಬ್ಬ ಸದಸ್ಯರ ಮುಂದೆಯೂ ಹಾಜರುಪಡಿಸಬಹುದು ಎಂದೂ ಅದೇ ಕಲಮು ಹೇಳುತ್ತದೆ. ಹಬ್ಬದ ದಿನ, ಅಪರಾತ್ರಿಯಲ್ಲಿ ಪೊಲೀಸರು ಮಗುವನ್ನು ಕರೆತಂದರೆ ಸದಸ್ಯರು ಬಾಗಿಲು ತೆರೆಯಲೇಬೇಕು. ಅದಕ್ಕೆ ತಿಂಗಳ ಸಭೆಗಳ ಪಟ್ಟಿಯಲ್ಲಿ ಜಾಗ ಹುಡುಕುವುದು ಕಷ್ಟ.

ಅನುದಾನ ದೆಹಲಿಯಿಂದ ರಾಜ್ಯಕ್ಕೆ, ರಾಜ್ಯದಿಂದ ಜಿಲ್ಲೆಗೆ ಇಳಿಯಬೇಕು. ನಡುವೆ ಎಲ್ಲಿ ತಡವಾದರೂ ಗೌರವಧನ ತಡವಾಗುತ್ತದೆ. ಪಿಂಚಣಿಯಿರುವ ನಿವೃತ್ತರು, ಮನೆಯಲ್ಲಿ ಬೇರೆ ಸಂಪಾದನೆಯಿರುವವರು ಅದನ್ನು ತಡೆದುಕೊಂಡಾರು. ತಾಲ್ಲೂಕಿನಲ್ಲಿ ಬಾಲ್ಯವಿವಾಹ ತಡೆದು, ಜೀತದ ಮಕ್ಕಳನ್ನು ಬಿಡಿಸಿ ಅನುಭವ ಪಡೆದ ಬಡ ಕಾರ್ಯಕರ್ತೆ ಹೇಗೆ ತಡೆದುಕೊಂಡಾಳು? ಸಮಿತಿಗೆ ಬೇಕಾದ್ದು ಅವಳ ತಿಳಿವಳಿಕೆಯೇ.

ಸಂಪೂರ್ಣಾ ಬೆಹುರಾ ಪ್ರಕರಣದಲ್ಲಿ 2018ರ ಫೆಬ್ರುವರಿ 9ರಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಮದನ್ ಲೋಕೂರ್ ಮತ್ತು ದೀಪಕ್ ಗುಪ್ತಾ, ಮಂಡಳಿ ಮತ್ತು ಸಮಿತಿಗಳ ಖಾಲಿ ಸ್ಥಾನಗಳನ್ನು ತುಂಬಬೇಕು, ಸಭೆಗಳು ನಿಯಮಿತವಾಗಿ ನಡೆಯಬೇಕು ಎಂದರು. ಅದು ಆಗಬೇಕಾದರೆ ರಾಜ್ಯಗಳು ಗೌರವಧನವನ್ನು ದಿನಗೂಲಿಯಂತೆ ಎಣಿಸುವುದನ್ನು ಬಿಟ್ಟು, ತಿಂಗಳಿಗೊಮ್ಮೆ ಗೊತ್ತಾದ ತಾರೀಖಿಗೆ ಕೊಡಬೇಕು. ರಜಾದಿನದ ತುರ್ತು ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕನಿಷ್ಠ ಮೊತ್ತಕ್ಕಿಂತ ಹೆಚ್ಚು ಕೊಡಲು ನಿಯಮಗಳಲ್ಲಿ ರಾಜ್ಯ ಸರ್ಕಾರಕ್ಕೆ ಅಡ್ಡಿಯಿಲ್ಲ.