ಕಿಲಿಮಂಜಾರೊ ಚಾರಣದ ಇತಿಹಾಸ

ಟಾಂಜಾನಿಯಾದ ಈಶಾನ್ಯದಲ್ಲಿ, ಕೀನ್ಯಾ ಗಡಿಯ ಬಳಿ ಒಂಟಿಯಾಗಿ ಎದ್ದುನಿಂತ ಕಿಲಿಮಂಜಾರೊ (5,895 ಮೀ.) ಆಫ್ರಿಕಾದ ಅತಿ ಎತ್ತರದ ಪರ್ವತ. ಇದು ಮುಳ್ಳಯ್ಯನಗಿರಿಯ ಮೂರು ಪಟ್ಟಿಗಿಂತ ತುಸು ಹೆಚ್ಚು. ಹಗ್ಗ, ಹಿಮಗೊಡಲಿ, ಬಂಡೆ ಹತ್ತುವ ತರಬೇತಿ ಯಾವುದೂ ಇಲ್ಲದೆ ಇದರ ನೆತ್ತಿಯವರೆಗೆ ನಡೆದೇ ಹೋಗಬಹುದು. ಹಾಗಾಗಿ ವರ್ಷಕ್ಕೆ ಹತ್ತಾರು ಸಾವಿರ ಜನ ಇಲ್ಲಿಗೆ ಬರುತ್ತಾರೆ. ಆದರೆ ಈ ಸಲೀಸು ಪರ್ವತಕ್ಕೆ ಮೊದಲಿನಿಂದ ಇದ್ದದ್ದಲ್ಲ. ಹಿಮ ಹಿಂದೆ ಸರಿದು, ದಾರಿ ಸವೆದು, ತಂಗುಮನೆಗಳು ಎದ್ದು, ಹೊರೆ ಹೊರುವವರು ಗೊತ್ತಾಗಿ, ಒಂದು ಶತಮಾನದಲ್ಲಿ ಕೂಡಿಬಂದದ್ದು.

ಶಿರಾ, ಮಾವೆಂಜಿ, ಕಿಬೊ ಎಂಬ ಮೂರು ಜ್ವಾಲಾಮುಖಿಗಳು ಸೇರಿ ಈ ಪರ್ವತವಾಗಿದೆ. ಚಾರಣಿಗರು ಏರುವುದು ಕಿಬೊವನ್ನು. ಪಕ್ಕದ ಮಾವೆಂಜಿ (5,149 ಮೀ.) ಗಿಡ್ಡವಾದರೂ ಕಡಿದಾದ, ಪುಡಿಪುಡಿಯಾಗುವ ಬಂಡೆಯದು. ಎಡುವರ್ಡ್ ಓಲರ್ ಮತ್ತು ಫ್ರಿಟ್ಸ್ ಕ್ಲೂಟೆ ಅದನ್ನು 1912ರಲ್ಲಿ ಮೊದಲು ಏರಿದರು. ಇಂದಿಗೂ ಅತ್ತ ಸುಳಿಯುವವರು ವಿರಳ.

ತಪ್ಪಲಿನ ಚಗ್ಗ ಜನ ಹಳ್ಳದ ನೀರನ್ನು ಕಾಲುವೆಗಳಲ್ಲಿ ತಿರುಗಿಸಿ ಬಾಳೆ ಬೆಳೆಯುತ್ತಿದ್ದರು. ಜೇನಿಗೆ, ಬೇಟೆಗೆ ಕಾಡು ಹತ್ತುತ್ತಿದ್ದರು. ಹೊರಗಿನವರಲ್ಲಿ ಮಿಷನರಿ ಯೊಹಾನ್ನೆಸ್ ರೆಬ್ಮನ್ 1848ರ ಮೇ 11ರಂದು ಬಿಳಿಯ ನೆತ್ತಿಯನ್ನು ಕಂಡು ಅದು ಹಿಮವೆಂದು ವರದಿ ಮಾಡಿದ. ಲಂಡನ್ನಿನ ಭೂಗೋಳತಜ್ಞ ವಿಲಿಯಂ ಕೂಲಿ ಇದನ್ನು ಕಣ್ಣಿನ ಭ್ರಮೆಯೆಂದು ತಳ್ಳಿಹಾಕಿದ. ಕೂಲಿ ಆಫ್ರಿಕಾಕ್ಕೆ ಕಾಲಿಟ್ಟವನೇ ಅಲ್ಲ! 1862ರಲ್ಲಿ ಬ್ಯಾರನ್ ಫಾನ್ ಡೆರ್ ಡೆಕೆನ್ ಮತ್ತು ಒಟ್ಟೊ ಕೆರ್ಸ್ಟನ್ ಸುಮಾರು 4,300 ಮೀಟರ್‌ವರೆಗೆ ಹೋಗಿಬಂದ ಮೇಲೆ ಈ ವಾದಕ್ಕೆ ಬೆಲೆ ಉಳಿಯಲಿಲ್ಲ. ವಿಕ್ಟೋರಿಯಾ ರಾಣಿ ಈ ಪರ್ವತವನ್ನು ಮೊಮ್ಮಗನಾದ ಜರ್ಮನಿಯ ಕೈಸರನಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಕೊಟ್ಟಳೆಂಬ ಕಥೆ ಈಗಲೂ ಚಾಲ್ತಿಯಲ್ಲಿದೆ. ಅದು ಬರಿಯ ಕಟ್ಟುಕಥೆ. ಪರ್ವತ ಜರ್ಮನರ ಪಾಲಿಗೆ ಬಂದದ್ದು 1886ರ ಗಡಿ ಒಪ್ಪಂದದಿಂದ.

ಶಿಖರವನ್ನು ಮೊದಲು ಮುಟ್ಟಿದವನು ಲೈಪ್ಜಿಗ್‌ನ ಹಾನ್ಸ್ ಮೇಯರ್, ಹೆಸರಾಂತ ಜರ್ಮನ್ ವಿಶ್ವಕೋಶವೊಂದನ್ನು ಹೊರತರುತ್ತಿದ್ದ ಪ್ರಕಾಶಕರ ಮನೆತನದವನು. 1887ರ ಮೊದಲ ಯತ್ನದಲ್ಲಿ ಅವನಿಗೆ ಹಿಮದ ಗೋಡೆ ಅಡ್ಡವಾಯಿತು. ಮರುವರ್ಷ ಕರಾವಳಿಯಲ್ಲಿ ಅಬುಷಿರಿ ಎಂಬವನ ನೇತೃತ್ವದ ದಂಗೆ ಎದ್ದು ಸೆರೆಸಿಕ್ಕ. ಹಣ ತೆತ್ತು ಬಿಡಿಸಿಕೊಂಡ. ಮೂರನೆಯ ಸಲ ಆಸ್ಟ್ರಿಯಾದ ನುರಿತ ಪರ್ವತಾರೋಹಿ ಲುಡ್ವಿಗ್ ಪುರ್ಟ್‌ಶೆಲ್ಲರ್‌ನನ್ನು ಜೊತೆಗೆ ಕರೆತಂದ. ಇಬ್ಬರೂ ಹಿಮನದಿಯ ಮೇಲೆ ಕೊಡಲಿಯಿಂದ ಒಂದೊಂದೇ ಮೆಟ್ಟಿಲು ಕಡಿಯುತ್ತ ಕುಳಿಯ ಅಂಚು ಸೇರಿ, ದಣಿದು ಇಳಿದು, ಸುಧಾರಿಸಿಕೊಂಡು ಮತ್ತೆ ಏರಿ 1889ರ ಅಕ್ಟೋಬರ್ 6ರಂದು ತುದಿ ತಲುಪಿದರು. ಇಂದು ಚಾರಣಿಗರು ಬರಿಯ ಜಲ್ಲಿಯ ಮೇಲೆ ನಡೆದುಹೋಗುವ ಪರ್ವತ ಆ ಕಾಲಕ್ಕೆ ಹಿಮಾರೋಹಣದ ಕಸುಬು ಬೇಡುತ್ತಿತ್ತು ಎಂಬುದನ್ನು ಮಾರ್ಗದರ್ಶಿ ಪುಸ್ತಕಗಳು ಸಾಮಾನ್ಯವಾಗಿ ಮರೆಯುತ್ತವೆ. 1898ರಲ್ಲಿ ಮೇಯರ್ ತಾನೇ ಮರಳಿ ಬಂದು ನೋಡುವಷ್ಟರಲ್ಲಿ ಹಿಮ ಎದ್ದುಕಾಣುವಷ್ಟು ಸರಿದಿತ್ತು.

ಮೇಯರ್‌ನ ಕಥನದ ಪ್ರಕಾರ ಶಿಖರದಲ್ಲಿದ್ದವರು ಇಬ್ಬರೇ. ಅವರ ಗಂಟುಮೂಟೆಯನ್ನು ಮೇಲಿನ ಬಿಡಾರಗಳಿಗೆ ಸಾಗಿಸಿ, ಕೆಳಗಿನಿಂದ ಆಹಾರ ಒದಗಿಸುತ್ತಿದ್ದ ಆಳುಗಳ ಸಾಲು ಮಾತ್ರ ಉದ್ದವಿತ್ತು. ಆರೋಹಣದ ಶತಮಾನೋತ್ಸವದ ಹೊತ್ತಿಗೆ, 1989ರಲ್ಲಿ, ತಪ್ಪಲಿನ ಮರಂಗು ಊರಿನ ಚಗ್ಗ ಮುದುಕ ಯೊಹಾನಿ ಕಿನ್ಯಾಲಾ ಲಾವೊ ಮೇಯರ್‌ಗೆ ದಾರಿ ತೋರಿದವನೆಂದು ಸನ್ಮಾನಿತನಾದ. ಅವನ ವಯಸ್ಸಿನ ಲೆಕ್ಕವನ್ನು ಸಂಶೋಧಕರು ಅನುಮಾನದಿಂದ ನೋಡುತ್ತಾರೆ. ಅದೇನೇ ಇರಲಿ, ನೂರು ವರ್ಷ ಹೆಸರಿಲ್ಲದೆ ಉಳಿದ ಒಂದು ವರ್ಗಕ್ಕೆ ಆ ಸನ್ಮಾನ ಮುಖ ಕೊಟ್ಟಿತು.

ಮೊದಲ ಮಹಾಯುದ್ಧದ ನಂತರ ನಾಡು ಬ್ರಿಟಿಷರ ಆಡಳಿತಕ್ಕೆ ಬಂತು. 1926ರಲ್ಲಿ ಲೂಥರನ್ ಪಾದ್ರಿ ರಿಚರ್ಡ್ ರಾಯ್ಶ್ ಕುಳಿಯಂಚಿನಲ್ಲಿ ಒಣಗಿ ಹೆಪ್ಪುಗಟ್ಟಿದ ಚಿರತೆಯೊಂದನ್ನು ಕಂಡ. ಮರುವರ್ಷ ಶೀಲಾ ಮ್ಯಾಕ್‌ಡೊನಾಲ್ಡ್ ಶಿಖರ ತಲುಪಿದ ಮೊದಲ ಮಹಿಳೆಯಾದಳು. ಆ ಚಿರತೆ ಹೆಮಿಂಗ್ವೆಯ 1936ರ ಕಥೆ ಹೊಕ್ಕಿತು, ಕಥೆ 1952ರಲ್ಲಿ ಹಾಲಿವುಡ್ ಚಿತ್ರವಾಯಿತು. ಹೆಮಿಂಗ್ವೆ ಪರ್ವತ ಹತ್ತಿದವನಲ್ಲ. ಆದರೂ ಅದರ ಹೆಸರನ್ನು ಜಗತ್ತಿನ ಬಾಯಿಗೆ ಹಾಕಿದವನು ಅವನೇ. ಇತ್ತ ಮರಂಗು ದಾರಿಯಲ್ಲಿ ಜರ್ಮನರ ಕಾಲದ ಎರಡು ತಂಗುಮನೆಗಳ ಮೇಲೆ, 4,700 ಮೀಟರ್ ಎತ್ತರದಲ್ಲಿ, 1930ರ ದಶಕದ ಆರಂಭಕ್ಕೆ ಕಿಬೊ ತಂಗುಮನೆಯೂ ಎದ್ದಿತು. ದಿನಕ್ಕೊಂದು ಸೂರು ಸಿಕ್ಕ ಮೇಲೆ ಸಾಧಾರಣ ಜನಕ್ಕೂ ಧೈರ್ಯ ಬಂತು.

1961ರ ಡಿಸೆಂಬರ್ 9ರಂದು ಟಾಂಗನೀಕಾ (ಇಂದಿನ ಟಾಂಜಾನಿಯಾದ ಮುಖ್ಯಭೂಮಿ) ಸ್ವತಂತ್ರವಾದಾಗ ಸೇನಾಧಿಕಾರಿ ಅಲೆಕ್ಸಾಂಡರ್ ನಿರೆಂಡಾ ನೆತ್ತಿಯ ಮೇಲೆ ಬಾವುಟ ಹಾರಿಸಿ ಪಂಜು ಹೊತ್ತಿಸಿದ. ಕೈಸರನ ಹೆಸರು ಹೊತ್ತಿದ್ದ ಶಿಖರ ‘ಉಹುರು’, ಅಂದರೆ ಸ್ವಾತಂತ್ರ್ಯ, ಎಂದಾಯಿತು. ಮುಂದೆ 1971ರಲ್ಲಿ ಹತ್ತಿರದಲ್ಲೇ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಬಂತು. 1973ರಲ್ಲಿ ಘೋಷಿತವಾದ ರಾಷ್ಟ್ರೀಯ ಉದ್ಯಾನ 1977ರಲ್ಲಿ ಸಾರ್ವಜನಿಕರಿಗೆ ತೆರೆಯಿತು. 1987ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1985ರಲ್ಲಿ ಅಮೆರಿಕದ ಡಿಕ್ ಬಾಸ್ ಏಳು ಖಂಡಗಳ ಏಳು ಶಿಖರಗಳನ್ನೂ ಏರಿ ಮುಗಿಸಿದ ಮೇಲೆ ಆ ಗೀಳು ಹಬ್ಬಿತು, ಮತ್ತು ಆ ಪಟ್ಟಿಗೆ ಕೈಯಿಡುವವರು ಸಾಮಾನ್ಯವಾಗಿ ಕಿಲಿಮಂಜಾರೊದಿಂದ ಶುರುಮಾಡುತ್ತಾರೆ. ಭಾರತದ ಮಲ್ಲಿ ಮಸ್ತಾನ್ ಬಾಬು, ಅರುಣಿಮಾ ಸಿನ್ಹಾ ಇಬ್ಬರ ಪಟ್ಟಿಯಲ್ಲೂ ಇದು ಇದೆ. ದತ್ತಿನಿಧಿ ಕೂಡಿಸುವ ಚಾರಣಗಳ ಭರಾಟೆ ಇನ್ನೊಂದು ಕಡೆ. 2009ರಲ್ಲಿ ಬ್ರಿಟನ್ನಿನ ಗಾಯಕರು, ಟಿವಿ ನಿರೂಪಕರು ಕಾಮಿಕ್ ರಿಲೀಫ್‌ಗಾಗಿ ಹತ್ತಿದಾಗ ಪರ್ವತ ದೂರದರ್ಶನದ ಕಾರ್ಯಕ್ರಮವೇ ಆಯಿತು.

ಮರಂಗು, ಮಚಾಮೆ, ಲೆಮೋಶೊ, ರೊಂಗಾಯ್, ಉಂಬ್ವೆ ಮುಖ್ಯ ದಾರಿಗಳು. ತಂಗುಮನೆ ಇರುವುದು ಮರಂಗುವಿನಲ್ಲಿ ಮಾತ್ರ, ಉಳಿದೆಡೆ ಡೇರೆ. ಸುಲಭವೆಂದು ಹೆಸರಾದ ಮರಂಗುವಿನಲ್ಲಿ ಐದೇ ದಿನಕ್ಕೆ ಮುಗಿಸಹೊರಟು ತುದಿ ಕಾಣದೆ ಮರಳುವವರು ಬಹಳ. ತುದಿಯಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದಕ್ಕುವುದರ ಸುಮಾರು ಅರ್ಧ. ಮೈ ಅದಕ್ಕೆ ಒಗ್ಗಲು ದಿನಗಳೇ ಬೇಕು. ತೋಳ್ಬಲ, ಓಟದ ಅಭ್ಯಾಸ ಅಲ್ಲಿ ಹೆಚ್ಚು ನೆರವಾಗವು. 2010ರಲ್ಲಿ ಟೆನಿಸ್ ತಾರೆ ಮಾರ್ಟಿನಾ ನವ್ರಾಟಿಲೋವಾ ಶ್ವಾಸಕೋಶದಲ್ಲಿ ನೀರು ತುಂಬಿ ಅರ್ಧಕ್ಕೇ ಇಳಿಯಬೇಕಾಯಿತು. ಮಚಾಮೆ ದಾರಿಯಲ್ಲಿ ಹಗಲು 4,600 ಮೀಟರ್ ಎತ್ತರದ ಲಾವಾ ಗೋಪುರದವರೆಗೆ ಹತ್ತಿ, ರಾತ್ರಿ ಅದಕ್ಕಿಂತ ಆರುನೂರು ಮೀಟರ್‌ನಷ್ಟು ಕೆಳಗಿನ ಬರಾಂಕೊದಲ್ಲಿ ಮಲಗುವ ಕ್ರಮ ಹುಟ್ಟಿದ್ದು ಮೈ ಒಗ್ಗಲೆಂದೇ. ಮಾರ್ಗದರ್ಶಿಗಳು ‘ಪೋಲೆ ಪೋಲೆ’, ನಿಧಾನ ನಿಧಾನ, ಎನ್ನುತ್ತಲೇ ಇರುತ್ತಾರೆ. ಕೊನೆಯ ಏರು ನಡುರಾತ್ರಿಗೆ ಶುರು. ಸಡಿಲ ಜಲ್ಲಿ ಹೆಪ್ಪುಗಟ್ಟಿರುವಾಗ ಕಾಲು ಜಾರುವುದು ಕಡಿಮೆ.

ಪರವಾನಗಿ ಪಡೆದ ಮಾರ್ಗದರ್ಶಿ ಇಲ್ಲದೆ ಈಗ ಯಾರೂ ಹತ್ತುವಂತಿಲ್ಲ. ಒಬ್ಬ ಚಾರಣಿಗನ ಹಿಂದೆ ಅಡುಗೆಯವರೂ ಸೇರಿ ಮೂರು ನಾಲ್ಕು ಜನ ಡೇರೆ, ಅನಿಲದ ಸಿಲಿಂಡರ್, ಊಟದ ಮೇಜನ್ನೂ ಹೊತ್ತು ನಡೆಯುತ್ತಾರೆ. ಚಾರಣಿಗ ಬಿಡಾರ ತಲುಪುವ ಮೊದಲೇ ಅವರು ಅವನನ್ನು ದಾಟಿ ಹೋಗಿ ಡೇರೆ ಹಾಕಿರಬೇಕು. ಹೊರೆಗೆ 20 ಕಿಲೊ ಮಿತಿಯಿದ್ದರೂ ಅಗ್ಗದ ಪ್ಯಾಕೇಜುಗಳ ಪೈಪೋಟಿಯಲ್ಲಿ ಮೊದಲು ಕತ್ತರಿ ಬೀಳುತ್ತಿದ್ದುದು ಅವರ ಕೂಲಿಗೆ, ಊಟಕ್ಕೆ, ಬೆಚ್ಚನೆಯ ಬಟ್ಟೆಗೆ. 2003ರಿಂದ ಕಿಲಿಮಂಜಾರೊ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಅವರಿಗೆ ಬಟ್ಟೆ ಎರವಲು ಕೊಡುತ್ತ, ನ್ಯಾಯವಾಗಿ ನಡೆಸಿಕೊಳ್ಳುವ ಸಂಸ್ಥೆಗಳ ಪಟ್ಟಿ ಇಡುತ್ತ ಬಂದಿದೆ. ಪರ್ವತದ ಜನಪ್ರಿಯತೆಯ ಲೆಕ್ಕ ಇಲ್ಲಿಂದಲೇ ಶುರುವಾಗಬೇಕಿತ್ತು.

1912ರಿಂದ 2007ರ ನಡುವೆ ಕಿಬೊದ ಹಿಮದಲ್ಲಿ ಸುಮಾರು ಶೇಕಡಾ 85 ಕರಗಿತು. ‘ಕರಗುವ ಮೊದಲು ನೋಡಿ’ ಎಂಬುದೂ ಈಗ ಮಾರಾಟದ ಮಾತಾಗಿದೆ. 2022ರಲ್ಲಿ ಮರಂಗು ದಾರಿಯಲ್ಲಿ 3,720 ಮೀಟರ್ ಎತ್ತರದ ಹೊರೊಂಬೊ ತಂಗುಮನೆಗೆ ಅತಿವೇಗದ ಅಂತರ್ಜಾಲ ಬಂತು. ಅದಕ್ಕೂ ಮೊದಲು, 2019ರಲ್ಲಿ, ಸರ್ಕಾರ ಕೇಬಲ್ ಕಾರ್‌ನ ಪ್ರಸ್ತಾಪ ಮುಂದಿಟ್ಟಾಗ ಮಾರ್ಗದರ್ಶಿಗಳೂ ಹೊರೆಯಾಳುಗಳೂ ವಿರೋಧಿಸಿದರು: ವಾರದ ನಡಿಗೆ ಒಂದು ದಿನದ ಸವಾರಿಯಾದರೆ ಹೊರಲು ಹೊರೆ ಉಳಿಯುವುದಿಲ್ಲ ಎಂಬುದು ಅವರ ತಕರಾರು.