ಚಿಕಾಗೋದ ತಂತ್ರಾಂಶ, ರಾಯಲ್ ಓಕ್‌ನ ಪರಿಷ್ಕರಣೆ

ಯುಗಾದಿಗೆಂದೋ ರಾಜ್ಯೋತ್ಸವಕ್ಕೆಂದೋ ಐ-94 ಹೆದ್ದಾರಿಯಲ್ಲಿ ಚಿಕಾಗೋ-ಡೆಟ್ರಾಯಿಟ್ ನಡುವೆ ಓಡಾಡುವ ನಾವು, ಈ ಎರಡು ನಗರಗಳನ್ನು ಹಿಂದೆಯೇ ಬೆಸೆದಿದ್ದ ಒಂದು ಚಿಕ್ಕ ತಂತ್ರಾಂಶದ ಚರಿತ್ರೆಯನ್ನು ಅರಿತಿರುವುದು ವಿರಳ.

1977ರಲ್ಲಿ ಚಿಕಾಗೋ ಪ್ರದೇಶದ ವಾರ್ಡ್ ಕ್ರಿಸ್ಟೆನ್ಸನ್ ಅವರು ಸಿಪಿ/ಎಂ ಗಣಕಗಳಿಗಾಗಿ ‘ಮೋಡೆಮ್’ ಎಂಬ ತಂತ್ರಾಂಶವನ್ನು ರಚಿಸಿ, ಪ್ರತಿಫಲ ಬಯಸದೆ ಸಾರ್ವಜನಿಕರಿಗೆ ಒಪ್ಪಿಸಿದರು. ಆ ಗಣಕಗಳಲ್ಲಿ ಮೌಸ್ ಇರಲಿಲ್ಲ. ಪ್ರತಿಯೊಂದು ಆದೇಶವನ್ನೂ ಕಮಾಂಡ್ ಲೈನಿನಲ್ಲಿ ಬೆರಳಚ್ಚಿಸಬೇಕಿತ್ತು. ಕಡತವನ್ನು 128 ಬೈಟುಗಳ ತುಂಡುಗಳಾಗಿ ದೂರವಾಣಿ ತಂತಿಯಲ್ಲಿ ಕಳುಹಿಸುವುದು, ತುಂಡಿನ ಮೊತ್ತ ತಾಳೆಯಾದರೆ ಸ್ವೀಕರಿಸುವುದು, ಆಗದಿದ್ದರೆ ಮತ್ತೆ ಕೇಳುವುದು: ಇದು ಅದರ ಕ್ರಮ. ಮರುವರ್ಷ ಜನವರಿಯ ಭಾರೀ ಹಿಮಪಾತದ ದಿನಗಳಲ್ಲಿ ಅವರೂ ರ‍್ಯಾಂಡಿ ಸೂಸ್ ಅವರೂ ರೂಪಿಸತೊಡಗಿದ ‘ಸಿಬಿಬಿಎಸ್’ ಎಂಬ ಗಣಕ ಸೂಚನಾಫಲಕ 1978ರ ಫೆಬ್ರವರಿ 16ರಂದು ಸಾರ್ವಜನಿಕರಿಗೆ ತೆರೆದುಕೊಂಡಿತು.

ದೂರದ ಗಣಕಕ್ಕೆ ಕರೆಮಾಡಿ ‘ಮೋಡೆಮ್’ ಬಳಸುವಾಗ ಒಂದು ತೊಡಕಿತ್ತು. ಪರದೆಗೆಂದು ಅದು ಬರೆಯುತ್ತಿದ್ದ ಸೂಚನೆಗಳೂ ಅದೇ ತಂತಿಯಲ್ಲಿ ಹರಿದು ಕಡತದೊಡನೆ ಬೆರೆಯುತ್ತಿದ್ದವು. ಡೆಟ್ರಾಯಿಟ್ ಬಳಿಯ ರಾಯಲ್ ಓಕ್‌ನ ಕೀತ್ ಪೀಟರ್ಸನ್ ಅವರು ಆ ಸೂಚನೆಗಳು ಸದಾ ಮೌನವಾಗಿರುವಂತೆ ಪುಟ್ಟ ಬದಲಾವಣೆ ಮಾಡಿ, ಪರಿಷ್ಕೃತ ರೂಪಕ್ಕೆ ‘ಎಕ್ಸ್‌ಮೋಡೆಮ್’ ಎಂದು ಹೆಸರಿಟ್ಟರು. ಮೂಲಕ್ಕಿಂತ ಆ ಹೆಸರೇ ಹೆಚ್ಚು ಪ್ರಸಿದ್ಧವಾಯಿತು.

ಮುಂದಿನ ಪರಿಷ್ಕರಣೆ ಇನ್ನೂ ಬೋಧಪ್ರದ. ಎರಡು ಅಕ್ಷರಗಳು ಅದಲುಬದಲಾದರೂ ಕೂಡಿದ ಮೊತ್ತ ಒಂದೇ. ಆದುದರಿಂದ ‘ಸಿಆರ್‌ಸಿ’ ಎಂಬ ಬಿಗಿಯಾದ ಪರೀಕ್ಷೆಯನ್ನು ಸೇರಿಸಲಾಯಿತು. ಹಾಗೆಂದು ಹಳೆಯ ಆವೃತ್ತಿಯವರನ್ನು ಕೈಬಿಡಲಿಲ್ಲ. ಸ್ವೀಕರಿಸುವ ಗಣಕ ಮೊದಲು ‘ಸಿ’ ಅಕ್ಷರವನ್ನು ಕಳುಹಿಸಿ ಕಾಯುತ್ತದೆ. ಎದುರಿನಿಂದ ಉತ್ತರ ಬಾರದಿದ್ದರೆ ಹಳೆಯ ಪದ್ಧತಿಗೇ ಮರಳುತ್ತದೆ. ಹೊಸತು ತಾನೇ ಬಾಗಿ ಹಳತನ್ನು ಮಾತನಾಡಿಸುವ ಈ ಸೌಜನ್ಯದಿಂದ ಎಕ್ಸ್‌ಮೋಡೆಮ್ ದೀರ್ಘಕಾಲ ಬಾಳಿತು.

ಈ ಸೌಜನ್ಯ ನಮಗೂ ಬೇಕಾಗಿದೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದ ಬಳಿಕ ಹೊರನಾಡ ಕನ್ನಡಿಗರು ಗಣಕದಲ್ಲೇ ಕನ್ನಡ ಬರೆಯುವುದು ಸುಲಭವಾಯಿತು. ಆದರೆ ಯೂನಿಕೋಡ್‌ಗೆ ಮುಂಚಿನ ಅಕ್ಷರಸಂಕೇತದ ಪುಟಗಳು, ತಕ್ಕ ಫಾಂಟ್ ಇಲ್ಲದ ಇಂದಿನ ಗಣಕದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ. ಅಂತಹ ಸ್ಮರಣಸಂಚಿಕೆ, ನಾಟಕ, ಪತ್ರಗಳ ಕಡತಗಳು ತಮ್ಮಲ್ಲಿದ್ದರೆ, ಹಾಳಾಗಿವೆಯೆಂದು ದಯವಿಟ್ಟು ಅಳಿಸದಿರಿ. ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಮುದ್ರಿತ ಪ್ರತಿಯೊಡನೆ ತಾಳೆನೋಡಿ, ಮೂಲವನ್ನೂ ಕಾಪಾಡಿರಿ. ನಮ್ಮ ಹಿರಿಯರು ಈ ನೆಲದಲ್ಲಿ ಬರೆದ ಕನ್ನಡ ನಮ್ಮ ಮಕ್ಕಳಿಗೂ ಓದಲು ದೊರೆಯಲಿ.