ಲೇಸರ್ ಇದ್ದರೆ ಸ್ಟಿಕ್ಕರ್ ಪ್ಲಾಟರ್ ಬೇಡವೇ?

‘ಲೇಸರ್ ಮಷೀನ್ ಒಂದಿದ್ದರೆ ಸಾಕು, ಸ್ಟಿಕ್ಕರ್ ಕಟ್ ಮಾಡಲು ಬೇರೆ ಪ್ಲಾಟರ್ ಯಾಕೆ?’ ಬೋರ್ಡ್, ನಂಬರ್ ಪ್ಲೇಟ್ ಅಂಗಡಿ ತೆರೆಯುವವರಿಗೆ ಇಂಥ ಸಲಹೆ ಸಿಗುತ್ತಿರುತ್ತದೆ. ಇದು ತಪ್ಪು, ಅಪಾಯಕಾರಿ ಕೂಡ.

ನಾವು ‘ರೇಡಿಯಂ’ ಎನ್ನುವ ಸ್ಟಿಕ್ಕರ್ (ಅದರಲ್ಲಿ ರೇಡಿಯಂ ಚೂರೂ ಇಲ್ಲ!) ಹೆಚ್ಚಾಗಿ ಪಿವಿಸಿ ವಿನೈಲ್. ಪಿವಿಸಿಯಲ್ಲಿ ಕ್ಲೋರಿನ್ ಇದೆ. ಲೇಸರ್ ಕತ್ತರಿಸುವುದು ಸುಟ್ಟು. ಆಗ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬರುತ್ತದೆ. ತೇವ ತಾಗಿದರೆ ಅದೇ ಹೈಡ್ರೋಕ್ಲೋರಿಕ್ ಆಮ್ಲ. ಕಣ್ಣು, ಗಂಟಲು, ಶ್ವಾಸಕೋಶಕ್ಕೆ ಹಾನಿ. ಮಷೀನಿನ ಲೋಹದ ಭಾಗಗಳಿಗೂ ತುಕ್ಕು. ಕಿಟಕಿ ತೆರೆದಿಟ್ಟರೆ ಸಾಲದು.

ಪ್ಲಾಟರ್‌ನಲ್ಲಿರುವುದು ಬ್ಲೇಡು. ಸುಡುವುದಿಲ್ಲ, ಹೊಗೆಯಿಲ್ಲ, ವಿನೈಲ್ ಪದರವನ್ನಷ್ಟೇ ಸೀಳಿ ಹಿಂಬದಿಯ ಕಾಗದವನ್ನು ಉಳಿಸುತ್ತದೆ. ಕೊಳ್ಳುವಾಗ ‘500 ಗ್ರಾಂ ಒತ್ತಡ’ ಎಂಬ ಜಾಹೀರಾತಿಗೆ ಮರುಳಾಗಬೇಡಿ, ಸಾಮಾನ್ಯ ವಿನೈಲ್‌ಗೆ 100 ಗ್ರಾಂ ಆಸುಪಾಸು ಸಾಕಾಗುತ್ತದೆ. ಉದ್ದಕ್ಕೆ ಓಡುವಾಗ ರೋಲ್ ಓರೆಯಾಗದಿರುವುದು ಅದಕ್ಕಿಂತ ಮುಖ್ಯ. ಮಾರುವವರ ಎದುರೇ 2 ಮೀಟರ್ ಉದ್ದದ ಆಯತ ಕಟ್ ಮಾಡಿಸಿ: ಗೆರೆ ಶುರುವಾದ ಜಾಗಕ್ಕೇ ಬಂದು ಕೂಡಬೇಕು. ಪ್ರಿಂಟ್ ಆದ ಚಿತ್ರದ ಅಂಚು ಹಿಡಿದು ಕಟ್ ಮಾಡುವ ಕೆಲಸವಿದ್ದರೆ, ಗುರುತು ಓದುವ ಸೆನ್ಸರ್ ಇರುವುದನ್ನೇ ಕೊಳ್ಳಿ.